ಖಾಲಿ ಇರಬೇಕಾದ ಗುಳಿ

“ಎಸೆದುಬಿಡಿ ಅಕ್ಕಾ, ಅದರಲ್ಲಿ ಇನ್ನೇನು ನೋಡ್ತೀರಿ,” ಎಂದಳು ಕಿರಿಯ ಸಹಾಯಕಿ, ಕಸದ ಹಳದಿ ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು.

ಅಕ್ಕ ಎನಿಸಿಕೊಂಡವಳು, ಆಸ್ಪತ್ರೆಯ ಪ್ರಯೋಗಾಲಯದ ಹಿರಿಯ ತಂತ್ರಜ್ಞೆ, ಎಸೆಯಲಿಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟನ್ನು ಕಿಟಕಿಯ ಬೆಳಕಿಗೆ ಎತ್ತಿ, ಕನ್ನಡಕವನ್ನು ಹಣೆಗೇರಿಸಿ, ಮತ್ತೊಮ್ಮೆ ಕೆಳಗಿನಿಂದ ನೋಡಿದಳು. ಪ್ಲೇಟಿನ ತುಂಬ ಸಾಲು ಸಾಲು ಪುಟ್ಟ ಗುಳಿಗಳು. ಎಡದಿಂದ ಬಲಕ್ಕೆ ಹೋದಂತೆ ಒಂದು ಆಂಟಿಬಯಾಟಿಕ್ ಹೆಚ್ಚುತ್ತದೆ, ಕೆಳಗಿನಿಂದ ಮೇಲಕ್ಕೆ ಹೋದಂತೆ ಇನ್ನೊಂದು. ಪ್ರತಿ ಗುಳಿಯಲ್ಲೂ ಎರಡರ ಬೇರೆ ಬೇರೆ ಬೆರಕೆ, ಅದಕ್ಕೊಂದು ಹನಿ, ಗಾಯ ಕೀವಾಗಿಸುವ ಸ್ಟ್ಯಾಫ್ ಬ್ಯಾಕ್ಟೀರಿಯಾ. ಮಾರನೆಯ ದಿನ ಗುಳಿ ತಿಳಿಯಾಗಿದ್ದರೆ ಔಷಧ ಗೆದ್ದಿತು, ಕದಡಿದ್ದರೆ ಬ್ಯಾಕ್ಟೀರಿಯಾ ಗೆದ್ದಿತು. ಮೂಲೆಯ ಒಂದು ಗುಳಿಗೆ ಮಾತ್ರ ಔಷಧವನ್ನೂ ಹಾಕುವುದಿಲ್ಲ, ಬ್ಯಾಕ್ಟೀರಿಯಾವನ್ನೂ ಹಾಕುವುದಿಲ್ಲ. ಬರೀ ಪೋಷಕ ದ್ರವ. ಅದಕ್ಕೆ ಅವರು ಖಾಲಿ ಗುಳಿ ಎನ್ನುತ್ತಿದ್ದರು. ಅದು ತಿಳಿಯಾಗಿ ಇರಲೇಬೇಕು. ಅದು ಕದಡಿತೆಂದರೆ ಹೊರಗಿನದೇನೋ ಒಳಹೊಕ್ಕಿದೆ ಎಂದರ್ಥ. ಆಮೇಲೆ ಮಿಕ್ಕ ಗುಳಿಗಳು ಏನು ಹೇಳಿದರೂ ನಂಬುವ ಹಾಗಿಲ್ಲ, ಇಡೀ ಪ್ಲೇಟು ಕಸಕ್ಕೆ.

ಈ ದಿನ ಖಾಲಿ ಗುಳಿ ಅಕ್ಕಿ ತೊಳೆದ ನೀರಿನ ಹಾಗೆ ಕದಡಿತ್ತು.

ಹೀಗಾದಾಗ ಕಣ್ಣು ಮುಚ್ಚಿ ಎಸೆಯಬೇಕೆಂದು ಕಲಿಸಿದವಳೇ ಅವಳು. ಹೊಸಬರು ದಿನವಿಡೀ ಬೆನ್ನು ಬಗ್ಗಿಸಿ ತುಂಬಿದ ಪ್ಲೇಟುಗಳನ್ನು ಅವಳು ಒಂದು ಮಾತೂ ಆಡದೆ ಹಳದಿ ಚೀಲಕ್ಕೆ ಹಾಕಿದ್ದಿದೆ. ಒಬ್ಬ ಹುಡುಗಿ ಅತ್ತದ್ದೂ ಇದೆ. ಬೆನ್ನ ಹಿಂದೆ ಅವಳಿಗೆ ಕಸದಕ್ಕ ಎಂಬ ಹೆಸರಿತ್ತು. ಅದು ಅವಳಿಗೂ ಗೊತ್ತಿತ್ತು.

“ಇಲ್ಲಿ ನೋಡು,” ಎಂದು ಅವಳು ಪ್ಲೇಟಿನ ಮೇಲಿನ ಬಲ ಮೂಲೆಯನ್ನು ತೋರಿಸಿದಳು. “ಅತ್ತೆ, ಸೊಸೆ ಇಬ್ಬರೂ ಪೂರ್ತಿ ಜೋರಿರೋ ಜಾಗ. ಇಲ್ಲೂ ಬೆಳೆದಿದೆ.”

ಅತ್ತೆ ಎಂದರೆ ಹಳೆಯ ಔಷಧ, ಸೊಸೆ ಎಂದರೆ ಹೊಸದು. ತನ್ನ ಮದುವೆಯಾದ ಹೊಸತರಲ್ಲಿ ಈ ಸಹಾಯಕಿಯೇ ಇಟ್ಟ ಹೆಸರುಗಳು. ಆಸ್ಪತ್ರೆಯ ಗಾಯಗಳಲ್ಲಿ ಸಿಗುವ ಸ್ಟ್ಯಾಫ್ ಈಗ ಎರಡರಲ್ಲಿ ಯಾವುದೊಂದಕ್ಕೂ ಸುಲಭವಾಗಿ ಜಗ್ಗುತ್ತಿರಲಿಲ್ಲ. ಒಂದೇ ಗುಳಿಯಲ್ಲಿ ಎರಡನ್ನೂ ಕೂಡಿಸಿದರೆ ಮಾತ್ರ ಸೋಲುತ್ತಿತ್ತು. ಸಂಗ್ರಹದಲ್ಲಿದ್ದ ತಳಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದ್ದಾಗಿತ್ತು. ಆ ಬಲ ಮೂಲೆ ಯಾವಾಗಲೂ ತಿಳಿಯಾಗಿಯೇ ಇರುತ್ತಿತ್ತು. ಬೆಳಗ್ಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದುದೇ “ಹೊಂದ್ಕೊಂಡ್ರಾ?” ಎಂದು. ಬರುವ ಸೋಮವಾರದಿಂದ ಈ ಜೋಡಿಯನ್ನು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಕೊಡಲು ಶುರುಮಾಡುವುದಿತ್ತು. ಮೊದಲ ಸರದಿ, ತೊಡೆಯ ಮೂಳೆಗೆ ಹಾಕಿದ ಸರಳಿನ ಸುತ್ತ ಕೀವು ಕಟ್ಟಿಕೊಂಡು ಮಲಗಿರುವ ಬಸ್ ಡ್ರೈವರನದು. ಅವನಿಗೆ ಬೇರೆ ಔಷಧಗಳೆಲ್ಲ ಮುಗಿದಿದ್ದವು. ಇದೂ ಕೈಕೊಟ್ಟರೆ ಕಾಲು ತೆಗೆಯುವ ಮಾತು ಬಂದಿತ್ತು.

“ಹೊರಗಿಂದ ಬಿದ್ದಿದ್ದು ಏನೋ ಬೆಳೆದಿದೆ,” ಎಂದಳು ಸಹಾಯಕಿ. “ನೀವೇ ಹೇಳೋ ಹಾಗೆ, ದಾರೀಲಿ ಹೋಗೋ ದಾಸಯ್ಯ.”

“ದಾರೀಲಿ ಹೋಗೋನಿಗೆ ಇಷ್ಟು ಔಷಧ ಕುಡಿದು ಬದುಕೋ ಶಕ್ತಿ ಎಲ್ಲಿಂದ ಬಂತು?”

ಹಾಗೆಂದು ಪ್ಲೇಟನ್ನು ಕೆಳಗಿಟ್ಟು ಅವಳು ಮೂಗೊರೆಸಿಕೊಂಡಳು. ಒರೆಸಿಕೊಂಡ ಕೈ ಅಲ್ಲಿಯೇ ನಿಂತಿತು. ನೆಗಡಿ ಇನ್ನೂ ಪೂರ್ತಿ ಹೋಗಿರಲಿಲ್ಲ. ನಿನ್ನೆ ಈ ಪ್ಲೇಟು ತುಂಬುವಾಗ ಉಸಿರು ಮೇಲೆ ಹತ್ತಿ ಕನ್ನಡಕದ ಗಾಜು ಮಂಜಾಗುತ್ತಿತ್ತು. ಹನಿ ಹಾಕುವ ಪಿಪೆಟ್ಟಿನ ತುದಿ ಕಾಣಿಸದೆ ರೇಗಿ, ಅವಳು ಮಾಸ್ಕನ್ನು ಮೂಗಿನಿಂದ ಕೆಳಗೆ ಎಳೆದುಕೊಂಡಿದ್ದಳು. ಒಂದು ಗಳಿಗೆ ಎಂದುಕೊಂಡದ್ದು. ಆಮೇಲೆ ಮೇಲೇರಿಸಲು ಮರೆತಿತ್ತು.

ಅವಳು ಕದಡಿದ ಖಾಲಿ ಗುಳಿಯಿಂದ ಒಂದು ಹನಿ ತೆಗೆದು, ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯ ಮೇಲೆ ಗೀರಿದಳು. ಹತ್ತಿ ಸುತ್ತಿದ ಕಡ್ಡಿಯೊಂದನ್ನು ಹಿಡಿದುಕೊಂಡು ಹೊರಗೆ ಹೋದಳು. ಬಂದು ಅದನ್ನು ಇನ್ನೊಂದು ತಟ್ಟೆಯ ಮೇಲೆ ಗೀರಿದಳು. ಎರಡನ್ನೂ ಇನ್‌ಕ್ಯುಬೇಟರಿನ ಬೆಚ್ಚಗಿನ ಕತ್ತಲೆಯೊಳಗೆ ಬೋರಲಾಗಿ ಇಟ್ಟು ಬಾಗಿಲು ಹಾಕಿದಳು.

ಮಾರನೆಯ ಬೆಳಗ್ಗೆ ಎರಡು ತಟ್ಟೆಗಳಲ್ಲೂ ಒಂದೇ ಬೆಳೆ. ದುಂಡಗೆ, ನುಣ್ಣಗೆ, ಉಬ್ಬಿದ ಚುಕ್ಕಿಗಳು, ಹೊಸ ಹಿತ್ತಾಳೆಯ ಬಣ್ಣ. ಅವರು ಪ್ಲೇಟಿಗೆ ಹಾಕಿದ್ದ ತಳಿ ಬೆಳ್ಳಗಿನದು, ಇದು ಅದಲ್ಲ. ಅವಳು ಎರಡನ್ನೂ ಟ್ರೇಯಲ್ಲಿಟ್ಟುಕೊಂಡು ಪ್ರಯೋಗಾಲಯದ ಮುಖ್ಯಸ್ಥರ ಕೋಣೆಗೆ ನಡೆದಳು. ಸಹಾಯಕಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

ಮುಖ್ಯಸ್ಥರು ಮೆಲು ಮಾತಿನ, ಸೌಮ್ಯ ಮನುಷ್ಯ. ಈ ಜೋಡಿ ಔಷಧದ ಬೆನ್ನು ಹತ್ತಿ ಅವರ ಕೂದಲು ಬೆಳ್ಳಗಾಗಿತ್ತು. ತಟ್ಟೆಯೊಂದನ್ನು ಕೈಗೆತ್ತಿಕೊಂಡು ಮುಚ್ಚಳ ತೆರೆದು ನೋಡಿದರು.

“ಚೆನ್ನಾಗಿದೆ. ಯಾವ ತಳಿ ಇದು?”

“ನನ್ನದು ಸಾರ್.”

“ನಿಮ್ಮ ಸಂಗ್ರಹದ್ದಾ?”

“ನನ್ನ ಮೂಗಿಂದು.”

ಮುಖ್ಯಸ್ಥರು ತಟ್ಟೆಯ ಮುಚ್ಚಳ ಹಾಕಿ, ಮೇಜಿನ ಮೇಲಿಟ್ಟು, ಅತ್ತ ತಳ್ಳಿ, ಡಬ್ಬಿಯಿಂದ ಕೈ ತೊಳೆಯುವ ದ್ರವ ಹಿಂಡಿಕೊಂಡು ತುಂಬ ಹೊತ್ತು ಕೈ ಉಜ್ಜಿದರು. ಬಾಗಿಲಲ್ಲಿದ್ದ ಸಹಾಯಕಿ ನಗು ತಡೆಯಲು ಗೋಡೆಯ ಕಡೆ ತಿರುಗಿದಳು.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಕನ್ನಡಕ, ಮಾಸ್ಕು, ಕದಡಿದ ಗುಳಿ, ಬಲ ಮೂಲೆಯ ಬೆಳೆ. ಮುಖ್ಯಸ್ಥರು ತಲೆದೂಗುತ್ತ ಕೇಳಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ರೀತಿಯ ನಿರಾಳವಿತ್ತು.

“ಬಗೆಹರೀತಲ್ಲ ಹಾಗಾದ್ರೆ,” ಎಂದರು. “ನಿಮ್ಮ ಮೂಗಿಂದ ಬಿದ್ದಿದ್ದು. ಪ್ಲೇಟು ಎಸೀರಿ. ಮೂಗಿಗೆ ಮುಲಾಮು ಬರ್ಕೊಡ್ತೀನಿ, ಹಚ್ಕೊಳ್ಳಿ. ನೋಡಮ್ಮಾ, ಇಷ್ಟು ವರ್ಷದಲ್ಲಿ ಒಂದು ಸಲ ಮಾಸ್ಕು ಜಾರಿದೆ. ಇದನ್ನ ಯಾರಿಗೂ ಹೇಳೋದು ಬೇಡ. ನಾನೂ ಹೇಳಲ್ಲ, ಈ ಹುಡುಗೀನೂ ಹೇಳಲ್ಲ.”

ಸಹಾಯಕಿ ಹೌದೆಂಬಂತೆ ಕತ್ತು ಆಡಿಸಿದಳು.

“ಹೇಳ್ಬೇಕು ಸಾರ್,” ಎಂದಳು ಅವಳು. “ಸೋಮವಾರ ಶುರು ಮಾಡೋದು ಬೇಡ.”

“ಯಾಕೆ?”

“ನನ್ನ ಮೂಗಿಗೆ ಇದು ಎಲ್ಲಿಂದ ಬಂತು? ಹುಟ್ಟುವಾಗ ತಂದಿದ್ದಲ್ಲ. ನಾನು ಹೋಗೋದು ಎರಡೇ ಕಡೆ, ಒಂದು ಮನೆ, ಇನ್ನೊಂದು ಆ ವಾರ್ಡು. ಕೀವು ತಗೊಳ್ಳೋಕೆ ಪ್ರತಿ ವಾರ ಹಾಸಿಗೆ ಹಾಸಿಗೆಗೆ ಬಗ್ತೀನಿ. ನನ್ನ ಮೂಗಲ್ಲಿದೆ ಅಂದ್ರೆ ಅಲ್ಲೂ ಇರಬೇಕು. ಅಲ್ಲಿದ್ರೆ ನಮ್ಮ ಅತ್ತೆ ಸೊಸೆ ಅಲ್ಲಿ ಕೆಲಸಕ್ಕೆ ಬರಲ್ಲ.”

“ಅದು ಊಹೆ.”

“ಊಹೆಯೇ ಸಾರ್. ಅದಕ್ಕೇ ಪರೀಕ್ಷೆ ಮಾಡೋಣ ಅಂತಿರೋದು. ಔಷಧದ ಬಿಲ್ಲೆ ಇಟ್ಟು ನೋಡೋಣ. ವಾರ್ಡಿನವರ ಮೂಗು ನೋಡೋಣ.”

ಮುಖ್ಯಸ್ಥರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ತಿಕ್ಕಿಕೊಂಡರು. “ಎಲ್ಲಾ ಏರ್ಪಾಡಾಗಿದೆಯಮ್ಮಾ. ಆ ಡ್ರೈವರಿಗೆ ಹೇಳಿದ್ದಾಗಿದೆ. ಸೋಮವಾರ ಅಂತ.”

“ಸೋಮವಾರ ಮುಂದಿನ ವಾರನೂ ಬರುತ್ತೆ ಸಾರ್. ಕಾಲು ಬರಲ್ಲ.”

ಮುಖ್ಯಸ್ಥರ ದನಿ ಸ್ವಲ್ಪ ಗಡುಸಾಯಿತು. “ಖಾಲಿ ಗುಳಿ ಕದಡಿದ್ರೆ ಪ್ಲೇಟು ಕಸಕ್ಕೆ. ಈ ನಿಯಮ ಈ ಹುಡುಗಿಗೆ ಕಲಿಸಿದ್ಯಾರು?”

“ನಾನೇ.”

“ಮತ್ತೆ? ಬೇರೆಯವರ ಪ್ಲೇಟಿಗೊಂದು ನ್ಯಾಯ, ನಿಮ್ಮ ಪ್ಲೇಟಿಗೊಂದಾ?”

“ಪ್ಲೇಟಿನ ಫಲಿತಾಂಶ ಬೇಡ ಸಾರ್, ಅದನ್ನ ಎಸೀರಿ. ಆದ್ರೆ ಅದರೊಳಗೆ ಬದುಕಿದ್ದು ಯಾರು ಅಂತ ಕೇಳಬಾರದು ಅಂತ ನಾನು ಯಾವತ್ತೂ ಕಲಿಸಿಲ್ಲ. ಕಲಿಸಿದ್ರೆ ಅದು ತಪ್ಪು.”

“ಮೂಗಲ್ಲಿ ಇಂಥದ್ದನ್ನ ಇಟ್ಕೊಂಡು ನೀವು ಲ್ಯಾಬಿನ ಬೆಂಚಿನ ಹತ್ರ ಬರೋ ಹಾಗಿಲ್ಲ. ವಾರ್ಡಿಗೂ ಹೋಗೋ ಹಾಗಿಲ್ಲ. ಇದೂ ನಿಯಮವೇ.”

“ಗೊತ್ತು. ಅದನ್ನೂ ನಾನೇ ಕಲಿಸೋದು,” ಎಂದು ಅವಳು ಬಿಳಿ ಕೋಟಿನ ಗುಂಡಿ ಬಿಚ್ಚತೊಡಗಿದಳು. ಕೋಟನ್ನು ಹೊರಮೈ ಒಳಗಾಗುವ ಹಾಗೆ ಮಡಿಸಿ ಸಹಾಯಕಿಯ ಕೈಗೆ ಕೊಟ್ಟಳು. ತಟ್ಟೆಗಳನ್ನು ಮಾತ್ರ ಕೊಡಲಿಲ್ಲ. ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಎರಡರ ಬೆನ್ನಿಗೂ ‘ಎಸೆಯಬೇಡಿ’ ಎಂದು ಬರೆದು, ಅವನ್ನು ಮುಖ್ಯಸ್ಥರ ಮುಂದೆಯೇ ಬಿಟ್ಟು ಹೊರಟಳು.

ವಾರ್ಡಿನ ಜೋಡಿ ಬಾಗಿಲಿನ ಹೊರಗೆ ಒಂದು ಮರದ ಬೆಂಚಿತ್ತು. ನೋಡಲು ಬರುವವರು ಕೂತು ಕೂತು ನಡುವೆ ತಗ್ಗಾಗಿತ್ತು. ಅವಳು ಹೊಸ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು, ಕೈಚೀಲದಲ್ಲಿ ಹತ್ತಿ ಕಡ್ಡಿಗಳ ಪೊಟ್ಟಣ ಇಟ್ಟುಕೊಂಡು ಅಲ್ಲಿ ಕೂತಳು. ಒಳಗೆ ಹೋಗುವ ಹಾಗಿರಲಿಲ್ಲ; ಹೊರಗೆ ಕೂರಬಾರದೆಂದು ಯಾವ ನಿಯಮವೂ ಇರಲಿಲ್ಲ. ದೊಡ್ಡ ಸಿಸ್ಟರಿಗೆ ಹೇಳಿ ಕಳಿಸಿದಳು.

ದೊಡ್ಡ ಸಿಸ್ಟರು ಆ ವಾರ್ಡಿನ ಯಜಮಾನಿ. ಡಾಕ್ಟರುಗಳು ಸಹ ಅವಳ ಮುಂದೆ ದನಿ ತಗ್ಗಿಸುತ್ತಿದ್ದರು. ಬಾಗಿಲು ದೂಡಿಕೊಂಡು ಬಂದವಳು ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು.

“ಅಂದ್ರೆ ನನ್ನ ವಾರ್ಡು ಗಲೀಜು ಅಂತಿದೀಯಾ?”

“ನನ್ನ ಮೂಗು ಗಲೀಜು ಅಂತಿದೀನಿ ಸಿಸ್ಟರ್. ನಿಮ್ಮ ಮೂಗು ಏನು ಅಂತ ಕೇಳ್ತಿದೀನಿ.”

“ಮುಖ್ಯಸ್ಥರು ಹೇಳಿ ಕಳಿಸಿದ್ರಾ?”

“ಇಲ್ಲ. ಅವರು ಬೇಡ ಅಂದ್ರು.”

ದೊಡ್ಡ ಸಿಸ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಬೇಡ ಅಂದ ಮೇಲೂ ಬಂದಿದೀಯ,” ಎಂದಳು. ಆಮೇಲೆ ಬೆಂಚಿನ ತಗ್ಗಿನಲ್ಲಿ ಧೊಪ್ಪನೆ ಕೂತು, ತಲೆ ಹಿಂದಕ್ಕೆ ವಾಲಿಸಿ, “ಬೇಗ ಮುಗಿಸು. ಸೀನು ಬಂದ್ರೆ ನಿನ್ನ ಮೇಲೇ ಸೀನ್ತೀನಿ,” ಎಂದಳು.

ಅವಳ ನಂತರ ಉಳಿದ ನರ್ಸುಗಳು ಒಬ್ಬೊಬ್ಬರಾಗಿ ಬಂದರು. ಒಬ್ಬಳು ಕಚಗುಳಿ ಎಂದು ಕಿಲಕಿಲ ನಕ್ಕಳು. ಇನ್ನೊಬ್ಬಳು ಮೂಗು ಕೊಡುವ ಮೊದಲು ಕನ್ನಡಿ ನೋಡಿಕೊಂಡಳು. ನೆಲ ಒರೆಸುವವನು ಯಾರೂ ಕೇಳದಿದ್ದರೂ ಸರದಿಯಲ್ಲಿ ನಿಂತ. ಸಹಾಯಕಿ ಊಟದ ಬಿಡುವಿನಲ್ಲಿ ಬಂದು, ಆಚೆ ಈಚೆ ನೋಡಿ, ತಟ್ಟೆಗಳಲ್ಲಿ ಬೆಳೆಸಲು ಕಡ್ಡಿಗಳನ್ನು ತೆಗೆದುಕೊಂಡಳು. “ನನ್ನ ಕೆಲಸ ಹೋದ್ರೆ ನಿಮ್ಮನೇಲೇ ಬಂದು ಇರ್ತೀನಿ ಅಕ್ಕಾ,” ಎಂದಳು. “ಬಾ. ತರಕಾರಿ ಹೆಚ್ಚೋದು ಬರುತ್ತಲ್ಲ,” ಎಂದಳು ಅವಳು.

ಅಷ್ಟರಲ್ಲಿ ಡ್ರೈವರ್ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಬಾಗಿಲ ಹತ್ತಿರ ಬಂದ. ಅಗಲ ಭುಜದ ಆಳು. ಹಾಸಿಗೆಯಲ್ಲಿ ಸವೆದು ಅಂಗಿ ಮೈಮೇಲೆ ಜೋಲುತ್ತಿತ್ತು. ಪ್ರತಿ ವಾರ ಅವನ ಗಾಯದಿಂದ ಕೀವು ತೆಗೆಯುವಾಗ ನೋವು ಮರೆಸಲು ಅವಳು ಬಸ್ಸಿನ ಮಾತು ತೆಗೆಯುತ್ತಿದ್ದಳು. ಅವನು ಅವಳನ್ನು ಕಡ್ಡಿ ಮೇಡಂ ಎಂದು ಕರೆಯುತ್ತಿದ್ದ.

“ಏನು ಕಡ್ಡಿ ಮೇಡಂ, ಇವತ್ತು ಸ್ಟಾಪು ಬದಲಾಯಿಸಿದೀರಿ. ಒಳಗೆ ಬರಲ್ವಾ?” ಎಂದ. “ಸೋಮವಾರ ಅತ್ತೆ ಸೊಸೆ ಬರ್ತಾರಂತೆ ನಮ್ಮನೆಗೆ. ಕಾಯ್ತಾ ಇದೀನಿ. ಹೆಂಡ್ತಿ ಬೇರೆ, ನನ್ನ ಬಿಟ್ಟು ಅದೆಂಥಾ ಅತ್ತೆ ಸೊಸೆ ಅಂತ ಜಗಳ ತೆಗ್ದಿದ್ದಾಳೆ.”

ನರ್ಸುಗಳು ನಕ್ಕರು. ಅವಳು ನಗಲಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು, ಮುಖ ಮಾಸ್ಕಿನೊಳಗಿತ್ತು.

“ಸೋಮವಾರ ಬೇಡ ಅಂತ ಹೇಳಿದೀನಿ,” ಎಂದಳು. “ಈ ವಾರ್ಡಲ್ಲಿ ಆ ಎರಡಕ್ಕೂ ಬಗ್ಗದೆ ಇರೋದು ಒಂದಿದೆ ಅಂತ ಅನುಮಾನ. ನನ್ನ ಮೂಗಲ್ಲಿ ಸಿಕ್ಕಿದೆ. ಅದು ನಿಮ್ಮ ಗಾಯಕ್ಕೂ ಬಂದಿದ್ರೆ ಔಷಧ ಸುಮ್ನೆ ವ್ಯರ್ಥ. ಅಷ್ಟರೊಳಗೆ ಕಾಲು ಕೆಡುತ್ತೆ.”

ಡ್ರೈವರನ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ದಾರಿ ತಪ್ಪಿದವರ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತು ಆಮೇಲೆ ಹೋಯಿತು.

“ನಿಮಗೆ ನೆಗಡಿ ಆಯ್ತು ಅಂತ ನನ್ನ ಔಷಧ ನಿಲ್ಲಿಸ್ತೀರಾ?”

“ಹೌದು.”

“ನೀವು ಮನೆಗೆ ಹೋಗ್ತೀರಿ, ಬರ್ತೀರಿ. ನಾನು ಛಾವಣಿ ನೋಡ್ಕೊಂಡು ಬಿದ್ದಿರಬೇಕು. ಕೆಲಸ ಮಾಡುತ್ತೋ ಇಲ್ವೋ, ಕೊಟ್ಟಾದ್ರೂ ನೋಡಬಾರದಾ?”

“ಬ್ರೇಕಿಲ್ಲ ಅಂತ ಅನುಮಾನ ಬಂದಿರೋ ಬಸ್ಸನ್ನ ನೀವು ತೆಗೀತೀರಾ?”

“ನನ್ನ ಬಸ್ಸಿನ ಮಾತು ನನಗೇ ಹೇಳ್ಬೇಡಿ,” ಎಂದು ಅವನು ಕುರ್ಚಿಯನ್ನು ತಿರುಗಿಸಿದ. ಒಂದು ಗಾಲಿ ಬಾಗಿಲಿಗೆ ಸಿಕ್ಕಿಕೊಂಡಿತು. ಬಿಡಿಸಲು ಅವಳು ಎದ್ದಳು. “ಬೇಡ,” ಎಂದ. ತಾನೇ ಬಿಡಿಸಿಕೊಂಡು ಒಳಗೆ ಹೋದ.

ಸಂಜೆ ಮನೆ ಸೇರಿದಾಗ ಮಗಳು ಓಡಿ ಬಂದಳು. ಅವಳು ಕೈಚಾಚಿ ತೋಳಳತೆಯಲ್ಲೇ ತಡೆದಳು. “ಇವತ್ತು ಮುತ್ತಿಲ್ಲ ಪುಟ್ಟಾ. ಅಮ್ಮನ ಮೂಗಿಗೆ ಔಷಧ ಹಚ್ಚಿದೆ.” ಮಗಳು ಅವಳ ಮೊಣಕೈಗೆ ಮುತ್ತು ಕೊಟ್ಟು, “ಇಲ್ಲಿಗೆ ಪರವಾಗಿಲ್ವಾ?” ಎಂದು ಕೇಳಿದಳು. ಅವಳು ಪರವಾಗಿಲ್ಲವೆಂದು ತಲೆಯಾಡಿಸಿ, ಒಲೆಯ ಮೇಲಿನ ಹಾಲು ಉಕ್ಕುತ್ತಿದೆಯೆಂದು ಒಳಗೆ ಹೋದಳು. ಹಾಲು ಉಕ್ಕುತ್ತಿರಲಿಲ್ಲ.

ಅವಳ ಅತ್ತೆ ಊಟದ ಮೇಜಿನ ಮುಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎಲ್ಲ ಕೇಳಿಸಿಕೊಂಡು, “ಮೂಗಿನ ತುದೀಲಿ ಕೋಪ ಇರೋದು ಮದುವೆ ದಿನವೇ ಗೊತ್ತಾಯ್ತು. ಒಳಗೆ ಇದನ್ನೂ ಇಟ್ಕೊಂಡಿದೀಯ ಅಂತ ಗೊತ್ತಿರ್ಲಿಲ್ಲ,” ಎಂದರು.

“ಈಗ ಬಂದಿದ್ದು ಅತ್ತೆ.”

“ಯಾರೂ ಕೇಳಿರ್ಲಿಲ್ಲ. ಆ ದೊಡ್ಡ ಮನುಷ್ಯ ಮುಚ್ಚಿಡ್ತೀನಿ ಅಂದಿದ್ರು. ತಪ್ಪು ನಿಂದೇ ಅಂದ್ಮೇಲೆ ತಲೆ ತಗ್ಗಿಸಿ ಬರೋದು ಬಿಟ್ಟು ಇಷ್ಟು ಹಾರಾಡೋದ್ಯಾಕೆ?”

“ತಪ್ಪು ನಂದೇ ಅಂತ ಗೊತ್ತಾದ್ಮೇಲೆ ಹೆದರೋಕೆ ಇನ್ನೇನು ಉಳೀತು?”

ಅತ್ತೆ ಒಂದು ಎಸಳನ್ನು ಬೆಳಕಿಗೆ ಹಿಡಿದು ನೋಡಿದರು. “ಅದಿರ್ಲಿ. ಆ ಔಷಧಕ್ಕೆ ಅತ್ತೆ ಅಂತ ಹೆಸರಿಟ್ಟಿದೀರಂತೆ. ಅದರ ಕತೆ ಏನು?”

“ಈ ತಳೀಲಿ ಅತ್ತೆ ಪಕ್ಕಕ್ಕೆ ಬಂದ್ರೆ ಸೊಸೆಯ ಕೈ ಕಟ್ಟಿಹೋಗುತ್ತೆ ಅಂತ ನನ್ನ ಅನುಮಾನ. ಹಳೇ ಔಷಧದ ವಾಸನೆ ಬಡಿದ್ರೆ ಸಾಕು, ಬ್ಯಾಕ್ಟೀರಿಯಾ ಎಚ್ಚೆತ್ತು ಹೊಸದನ್ನ ಎದುರಿಸೋದು ಕಲಿಯುತ್ತೆ. ಪುಸ್ತಕದಲ್ಲಿ ಓದಿದ್ವಿ. ನಮ್ಮ ಸಂಗ್ರಹದಲ್ಲಿ ಒಂದೂ ಇರಲಿಲ್ಲ.”

“ಅದಕ್ಕೆ ಪರೀಕ್ಷೆ ಬೇರೆ ಬೇಕಿತ್ತಾ? ನನ್ನ ಕೇಳಿದ್ರೆ ಆಗ್ತಿತ್ತು,” ಎಂದು ಅತ್ತೆ ಬೆಳ್ಳುಳ್ಳಿ ಬದಿಗಿಟ್ಟು, ಸೆರಗಿಗೆ ಕೈ ಒರೆಸಿ, ಮುಖ ಮೇಲೆತ್ತಿದರು. “ತಗೋ. ಮನೆಯಿಂದ ಬಂದಿದ್ದೋ ವಾರ್ಡಿಂದ ಬಂದಿದ್ದೋ ನೋಡ್ಬೇಕಲ್ಲ ನೀನು. ಮೊದಲು ನಂದು. ಆಮೇಲೆ ಮಗೂದು. ನಿನ್ನ ಗಂಡ ಬಂದ ಮೇಲೆ ಅವನದನ್ನ ನಾನೇ ಹಿಡ್ಕೋತೀನಿ.”

ಮಗಳ ಸಣ್ಣ ಮೂಗಿಗೆ ಕಡ್ಡಿ ಮುಟ್ಟಿಸುವ ಮೊದಲು ಅವಳು ಎರಡು ಸಲ ಹಿಂದಕ್ಕೆ ತೆಗೆದಳು. ರಾತ್ರಿಯೇ ಸಹಾಯಕಿ ಬಂದು ಮನೆಯವರ ಕಡ್ಡಿಗಳನ್ನೂ ಪ್ರಯೋಗಾಲಯಕ್ಕೆ ಒಯ್ದಳು.

ಮುಂದಿನೆರಡು ದಿನ ಅವಳು ಮನೆಯಲ್ಲಿದ್ದಳು. ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ಜೋಡಿಸಿದಳು. ದಿಂಬಿನ ಹೊದಿಕೆಗಳನ್ನು ಕುದಿಯುವ ನೀರಿಗೆ ಹಾಕಿದಳು. ಮೊದಲ ದಿನ ಸಹಾಯಕಿ ಫೋನಿನಲ್ಲಿ ಚಿತ್ರಗಳನ್ನು ಕಳಿಸಿದಳು. ದೊಡ್ಡ ಸಿಸ್ಟರಿನ ತಟ್ಟೆಯಲ್ಲಿ ಹಿತ್ತಾಳೆ ಬಣ್ಣದ ಚುಕ್ಕಿಗಳು. ಕನ್ನಡಿ ನೋಡಿಕೊಂಡ ನರ್ಸಿನದರಲ್ಲೂ, ನೆಲ ಒರೆಸುವವನದರಲ್ಲೂ ಅವೇ. ಬೇರೆ ಕೆಲವರದು ಶುಚಿ. ಮನೆಯವರ ತಟ್ಟೆಗಳಲ್ಲಿ ಆ ಬಣ್ಣದ ಒಂದು ಚುಕ್ಕಿಯೂ ಇರಲಿಲ್ಲ. ಮಗಳ ತಟ್ಟೆಯ ಚಿತ್ರವನ್ನು ಅವಳು ದೊಡ್ಡದು ಮಾಡಿ, ಒಂದೊಂದು ಅಂಚನ್ನೂ ಹುಡುಕಿ, ಆಮೇಲೆ ಫೋನನ್ನು ಎದೆಯ ಮೇಲಿಟ್ಟುಕೊಂಡು ಕೂತಳು. ಕೆಳಗೊಂದು ಸಾಲು ಬರೆದಿತ್ತು: ‘ಇವಕ್ಕೆಲ್ಲ ಬಿಲ್ಲೆ ಇಟ್ಟಿದೀನಿ ಅಕ್ಕಾ. ನಿಮ್ಮದಕ್ಕೆ ಇಡೋಣ ಅಂತ ಹೋದೆ. ಆಗಲೇ ಯಾರೋ ಇಟ್ಟುಬಿಟ್ಟಿದ್ರು.’

ಎರಡನೆಯ ದಿನ ಸಂಜೆ ಮುಖ್ಯಸ್ಥರೇ ಫೋನ್ ಮಾಡಿ ಬರಹೇಳಿದರು.

ಪ್ರಯೋಗಾಲಯದ ಒಳಗೆ ಅವಳು ಹೋಗುವ ಹಾಗಿರಲಿಲ್ಲವಾದ್ದರಿಂದ ಅವರು ಟ್ರೇ ಹಿಡಿದುಕೊಂಡು ಹೊರಗಿನ ಕಾರಿಡಾರಿನ ಕಿಟಕಿಗೆ ಬಂದರು. ಕಿಟಕಿಕಟ್ಟೆಯ ಮೇಲೆ ತಟ್ಟೆಗಳನ್ನು ಒಂದೊಂದಾಗಿ ಹರಡಿದರು. ಪ್ರತಿ ತಟ್ಟೆಯಲ್ಲೂ ಬ್ಯಾಕ್ಟೀರಿಯಾ ಹಾಸಿನಂತೆ ಬೆಳೆದಿತ್ತು. ನಡುವೆ ಅಕ್ಕಪಕ್ಕ ಎರಡು ಕಾಗದದ ಬಿಲ್ಲೆಗಳು, ಒಂದು ಅತ್ತೆಯದು, ಒಂದು ಸೊಸೆಯದು. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ದುಂಡಗೆ ಬಯಲಾಗುತ್ತದೆ. ಇಲ್ಲಿ ಅತ್ತೆಯ ಸುತ್ತ ಬಯಲೇ ಇರಲಿಲ್ಲ. ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೆ ಬೆಳೆದಿತ್ತು. ಸೊಸೆಯ ಸುತ್ತ ಬಯಲಿತ್ತು, ಆದರೆ ದುಂಡಗಿರಲಿಲ್ಲ. ಅತ್ತೆಯ ಕಡೆಗಿನ ಬದಿ ಚಪ್ಪಟೆಯಾಗಿತ್ತು, ಯಾರೋ ಅಂಗೈಯಿಂದ ಒತ್ತಿದ ಹಾಗೆ. ದೊಡ್ಡ ಸಿಸ್ಟರಿನ ತಟ್ಟೆಯಲ್ಲಿ ಹಾಗೆ. ನೆಲ ಒರೆಸುವವನದರಲ್ಲಿ ಹಾಗೆ. ಅವಳದರಲ್ಲೂ ಹಾಗೆ.

ಅವಳದರಿಂದ ಬೆಳೆಸಿದ ಈ ಹೊಸ ತಟ್ಟೆಯ ಬೆನ್ನಿಗೂ ಅದೇ ಕೆಂಪು ಅಕ್ಷರ ಬರೆದಿತ್ತು. ಬಿಲ್ಲೆಗಳು ಮಾತ್ರ ಸೊಟ್ಟಗೆ ಕೂತಿದ್ದವು. ಒಂದರ ಅಂಚಿನಲ್ಲಿ ಚಿಮಟಿಗೆಯ ತುದಿ ಅಗಾರನ್ನು ಗೀರಿತ್ತು. ಬಹಳ ವರ್ಷ ಲ್ಯಾಬಿನ ಬೆಂಚು ಮುಟ್ಟದವರ ಕೈ.

“ಯಾವಾಗ ಇಟ್ರಿ ಸಾರ್?” ಎಂದಳು.

“ನೀವು ಹೋದ ದಿನವೇ,” ಎಂದರು ಮುಖ್ಯಸ್ಥರು. “ಎಸೆಯೋಕೆ ಅಂತ ತಗೊಂಡು ಹೋದೆ.” ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. “ಸೋಮವಾರದ್ದು ನಿಲ್ಲಿಸಿದೀನಿ. ಈಗ ತಾನೇ ಡಾಕ್ಟರುಗಳ ಸಭೆಯಲ್ಲಿ ಹೇಳಿ ಬಂದೆ. ನನ್ನನ್ನ ಹೇಗೆ ನೋಡಿದ್ರು ಅಂತ ಕೇಳಬೇಡಿ.”

“ಕೇಳಲ್ಲ.”

“ಹತ್ತು ಜನರ ಮುಂದೆ, ನಮ್ಮದೇ ಸಿಬ್ಬಂದಿ ಮೂಗಲ್ಲಿದೆ ಅಂದೆ. ಒಬ್ಬರು, ನಿಮ್ಮ ಮೂಗೂ ನೋಡಿದೀರಾ ಅಂದ್ರು.”

ಅವಳು ಕೈಚೀಲ ತೆರೆದಳು. ಪೊಟ್ಟಣದಲ್ಲಿ ಇನ್ನೂ ಕಡ್ಡಿಗಳಿದ್ದವು. ಒಂದನ್ನು ತೆಗೆದು ಸುಮ್ಮನೆ ಎತ್ತಿ ಹಿಡಿದಳು. ಮುಖ್ಯಸ್ಥರು ಕಡ್ಡಿಯನ್ನೂ ಅವಳನ್ನೂ ನೋಡಿದರು. ಕಾರಿಡಾರಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ದಾಟಿಹೋಗಲೆಂದು ಅವಳು ಕಾಯಲಿಲ್ಲ. ಮುಖ್ಯಸ್ಥರು ಕನ್ನಡಕ ತೆಗೆದು ಜೇಬಿಗಿಟ್ಟು, ಮಾಸ್ಕು ಇಳಿಸಿ, ಕಿಟಕಿಯ ಚೌಕಟ್ಟಿಗೆ ತಲೆ ಆನಿಸಿದರು.

ಸೋಮವಾರದ ಹೊತ್ತಿಗೆ ಮುಲಾಮು ಹಚ್ಚುವ ದಿನಗಳು ಮುಗಿದಿದ್ದವು. ಅವಳ ಹೊಸ ತಟ್ಟೆಯಲ್ಲಿ ಆ ಬಣ್ಣ ಕಾಣಿಸಲಿಲ್ಲ. ಮುಖ್ಯಸ್ಥರು ಕೋಟನ್ನು ವಾಪಸು ಕೊಡುತ್ತ, “ಮಾಸ್ಕು ಮೂಗಿನ ಮೇಲೇ ಇರಲಿ,” ಎಂದಷ್ಟೇ ಹೇಳಿದರು. ಲ್ಯಾಬಿನ ಬೆಂಚಿನ ಮೇಲೆ ಸಹಾಯಕಿ ಹೊಸ ಪ್ಲೇಟು ತಯಾರು ಮಾಡುತ್ತಿದ್ದಳು. ಸೊಸೆಯ ಜೊತೆಗೆ ಅತ್ತೆಯ ಬದಲು ಇನ್ನೊಂದು ಔಷಧ. “ಇದಕ್ಕೇನು ಹೆಸರಿಡೋಣ ಅಕ್ಕಾ? ನಾದಿನಿ?” ಎಂದು ಕೇಳಿದಳು. “ಮೊದಲು ಹೊಂದ್ಕೊಳ್ಲಿ,” ಎಂದಳು ಅವಳು. ಮೂಲೆಯ ಖಾಲಿ ಗುಳಿಗೆ ಪೋಷಕ ದ್ರವವನ್ನು ಅವಳೇ ಹಾಕಿದಳು. ಗಾಜು ಮಂಜಾಯಿತು. ತಿಳಿಯಾಗುವವರೆಗೆ ಉಸಿರು ಬಿಗಿಹಿಡಿದು ಕಾದಳು.

ವಾರ್ಡಿನಲ್ಲಿ ಮಂಚಗಳನ್ನು ದೂರ ದೂರ ಸರಿಸಿದ್ದರು. ಪರದೆಗಳನ್ನೆಲ್ಲ ಬಿಚ್ಚಿ ತೊಳೆಯಲು ಕಳಿಸಿದ್ದರಿಂದ ಆ ಕಡೆಯಿಂದ ಈ ಕಡೆಗೆ ಬೆಳಕು ಒಂದೇ ಸಮ ಬಿದ್ದಿತ್ತು. ದೊಡ್ಡ ಸಿಸ್ಟರಿನ ಮೂಗು ಮುಲಾಮಿನಿಂದ ಹೊಳೆಯುತ್ತಿತ್ತು. ಅವಳು ಕಿಟಕಿಯ ಪಕ್ಕದ ಮಂಚದ ಕಡೆ ಗದ್ದದಿಂದ ತೋರಿಸಿದಳು. “ಬೆಳಗ್ಗೆಯಿಂದ ಯಾರ ಹತ್ರಾನೂ ಮಾತಿಲ್ಲ.”

ಡ್ರೈವರ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳು ಮಂಚದ ಬಳಿ ಹೋಗಿ ನಿಂತಳು. ಟ್ರೇಯಲ್ಲಿ ಒಂದು ಕಡ್ಡಿ, ಒಂದು ಕೊಳವೆ.

“ನಿಮ್ಮ ಗಾಯದಲ್ಲಿ ಈಗ ಯಾವುದಿದೆ ಅಂತ ಗೊತ್ತಾಗಬೇಕು,” ಎಂದಳು. “ಹಳೇ ಕೀವಿನ ಲೆಕ್ಕ ಸಾಲದು. ಹೊಸದು ಬೇಕು.”

ಅವನು ಹೊದಿಕೆಯನ್ನು ಭುಜದವರೆಗೆ ಎಳೆದುಕೊಂಡ.

“ನಾನು ಹೇಳಿದ್ದು ತಪ್ಪಾಗಿದ್ರೆ, ಅದು ನಿಮ್ಮಲ್ಲಿ ಇಲ್ಲದೆ ಇದ್ರೆ, ನಾನೇ ಬಂದು ಹೇಳ್ತೀನಿ. ಅವತ್ತೇ ಅತ್ತೆ ಸೊಸೆ ಇಬ್ಬರನ್ನೂ ಕರ್ಕೊಂಡು ಬರ್ತೀನಿ.”

ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಗೇರು ಬದಲಿಸಿಕೊಂಡು ಏರು ಹತ್ತಿತು. ಆ ಸದ್ದು ಪೂರ್ತಿ ದೂರಾಗುವವರೆಗೆ ಅವನ ಕಿವಿ ಅತ್ತಲೇ ಇತ್ತು. ಅವಳು ಟ್ರೇ ಹಿಡಿದುಕೊಂಡು ನಿಂತೇ ಇದ್ದಳು.

ಸ್ವಲ್ಪ ಹೊತ್ತಿನ ಮೇಲೆ, ಮುಖ ಗೋಡೆಯ ಕಡೆಗೇ ಇರುವಂತೆ, ಅವನ ಕೈ ಹಿಂದಕ್ಕೆ ಬಂದು ತಡವರಿಸಿ, ತೊಡೆಯ ಮೇಲಿನ ಹೊದಿಕೆಯನ್ನು ಸರಿಸಿತು.